ಹೋಟೆಲ್ ಕಟ್ಟಡದ ವಯಸ್ಸು ತಂಗುವವರಿಗೂ ತಿಳಿಯಲಿ

ಮಾನ್ಯ ಸಂಪಾದಕರೇ,

ಕಚೇರಿ ಕೆಲಸದ ಮೇಲೆ ಪರಊರಿಗೆ ಹೋಗುವವರಿಗೆ ತಾವು ತಂಗುವ ಹೋಟೆಲನ್ನು ತಾವೇ ಆರಿಸಿಕೊಳ್ಳುವ ಅವಕಾಶ ಸಿಗುವುದು ಅಪರೂಪ. ಸಂಸ್ಥೆಯು ಯಾವುದೋ ಚೈನ್ ಹೋಟೆಲಿನೊಂದಿಗೆ ಮೊದಲೇ ದರದ ಒಪ್ಪಂದ ಮಾಡಿಕೊಂಡಿರುತ್ತದೆ. ನೌಕರರು ಹೋಗಿ ಕೀಲಿ ಪಡೆಯುತ್ತಾರೆ. ಹೆಸರು ಎಲ್ಲರಿಗೂ ಗೊತ್ತಿರುವುದೆಂಬ ಒಂದೇ ಕಾರಣಕ್ಕೆ ಕಟ್ಟಡದ ಸ್ಥಿತಿಯನ್ನು ಯಾರೂ ವಿಚಾರಿಸುವುದಿಲ್ಲ. ಇತ್ತೀಚೆಗೆ ಅಂತಹ ಒಂದು ಹಳೆಯ ಹೋಟೆಲಿನಲ್ಲಿ ತಂಗಿ ಬಂದ ಮೇಲೆ, ವಿಚಾರಿಸದೆ ಬಿಡುವ ಈ ರೂಢಿ ಅಪಾಯಕಾರಿ ಎಂದು ನನಗೆ ಮನವರಿಕೆಯಾಗಿದೆ.

ಲಾಬಿಯಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಆದರೆ ಮೇಲಿನ ಮಹಡಿಯಲ್ಲಿ ಲಿಫ್ಟಿನಿಂದ ಹೊರಬಂದ ಕೂಡಲೇ ಕಾರ್ಪೆಟ್ಟಿನ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಕೊಠಡಿಯ ಷವರ್ ತಿರುಗಿಸಿದಾಗ ಮೊದಲು ಕೆಂಚು ಬಣ್ಣದ ನೀರು ಬಂದು, ಆಮೇಲೆ ತಿಳಿಯಾಯಿತು. ಟೈಲ್ಸ್ ಸಂದುಗಳಲ್ಲಿ ಕಟ್ಟಿದ್ದ ಬೂಷ್ಟನ್ನು ತೆಗೆಯದೆ ಅದರ ಮೇಲೆಯೇ ಬಿಳಿ ಸಿಮೆಂಟು ಮೆತ್ತಿದ್ದರು. ಬಾಗಿಲಿನ ಹಿಂಬದಿಯ ತುರ್ತು ನಿರ್ಗಮನದ ನಕ್ಷೆಯನ್ನು ನೋಡಿಕೊಂಡು, ನಾನು ರೂಢಿಯಂತೆ ಮೆಟ್ಟಿಲಿನವರೆಗೆ ನಡೆದು ಹೋದೆ. ಅಲ್ಲಿ ಬೆಂಕಿ ತಡೆಯುವ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಒಂದು ಕುರ್ಚಿಯನ್ನು ಅಡ್ಡ ಇಟ್ಟು, ಆಚೆಯ ಮೆಟ್ಟಿಲಿನ ತಿರುವಿನಲ್ಲಿ ಹಳೆಯ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ರಿಸೆಪ್ಷನ್‌ನಲ್ಲಿದ್ದ ಯುವಕ ಅತ್ಯಂತ ವಿನಯದಿಂದ ಕ್ಷಮೆ ಕೇಳಿ, ಉಗ್ರಾಣದಲ್ಲಿ ಜಾಗವಿಲ್ಲವೆಂದು ಹೇಳಿದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಕಟ್ಟಡವನ್ನು ಸುಸ್ಥಿತಿಯಲ್ಲಿ ಇಡುವ ಹಣವಾಗಲಿ ಅಧಿಕಾರವಾಗಲಿ ರಿಸೆಪ್ಷನ್‌ನಲ್ಲಿ ನಿಂತವರ ಕೈಯಲ್ಲಿ ಇರುವುದಿಲ್ಲ.

ಹಾಗಾದರೆ ಅದು ಯಾರ ಕೈಯಲ್ಲಿದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. 1952ರಲ್ಲಿ ಕೆಮನ್ಸ್ ವಿಲ್ಸನ್ ಅಮೆರಿಕದ ಮೆಂಫಿಸ್‌ನಲ್ಲಿ ಮೊದಲ ಹಾಲಿಡೇ ಇನ್ ತೆರೆದಾಗ, ಯಾವ ಊರಿಗೆ ಹೋದರೂ ಒಂದೇ ಮಟ್ಟದ ಕೊಠಡಿ ಸಿಗಬೇಕೆಂಬುದು ಅವರ ಉದ್ದೇಶವಾಗಿತ್ತು. ಪ್ರವಾಸಿಗರು ಚೈನ್ ಹೋಟೆಲುಗಳನ್ನು ನಂಬುವುದು ಇಂದಿಗೂ ಅದೇ ಭರವಸೆಯಿಂದ. ಆದರೆ ಇಂದು ಹಲವು ಕಡೆ ಕಟ್ಟಡದ ಮಾಲೀಕರು ಒಬ್ಬರು, ನಿರ್ವಹಣೆಯ ಗುತ್ತಿಗೆ ಪಡೆದವರು ಮತ್ತೊಬ್ಬರು, ಫ್ರಾಂಚೈಸಿ ಶುಲ್ಕ ಪಡೆದು ಹೆಸರನ್ನು ಮಾತ್ರ ಕೊಟ್ಟ ಕಂಪನಿ ಮೂರನೆಯದು. ನವೀಕರಣಕ್ಕೆಂದು ತೆಗೆದಿಡುವ ಹಣ ಪರದೆ, ಮಂಚ, ಲಾಬಿಯಂತಹ ಫೋಟೋದಲ್ಲಿ ಕಾಣುವ ವಸ್ತುಗಳಿಗೆ ಬೇಗನೆ ಖರ್ಚಾಗುತ್ತದೆ. ಗೋಡೆಯೊಳಗಿನ ಪೈಪು, ವೈರಿಂಗ್, ಗಾಳಿಯ ನಾಳಗಳ ಸರದಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಇದು ಕೇವಲ ಅನುಕೂಲದ ಮಾತಲ್ಲ. 1976ರಲ್ಲಿ ಫಿಲಡೆಲ್ಫಿಯಾದಲ್ಲಿ, 1904ರಲ್ಲಿ ತೆರೆದಿದ್ದ ಒಂದು ಪ್ರತಿಷ್ಠಿತ ಹೋಟೆಲಿನಲ್ಲಿ ನಿವೃತ್ತ ಯೋಧರ ಸಮಾವೇಶ ನಡೆದ ನಂತರ ವಿಚಿತ್ರ ನ್ಯುಮೋನಿಯಾ ಕಾಣಿಸಿಕೊಂಡು 30ಕ್ಕೂ ಹೆಚ್ಚು ಮಂದಿ ಸತ್ತರು. ಅದಕ್ಕೆ ಕಾರಣವಾದ ಲೀಜಿಯನೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾದದ್ದು ಅದರ ನಂತರವೇ. ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಿಂತ ನೀರಿನಲ್ಲಿ ಅದು ಬೆಳೆಯುತ್ತದೆ. ಷವರಿನ ಸಣ್ಣ ಹನಿಗಳೊಂದಿಗೆ ಶ್ವಾಸಕೋಶ ಸೇರುತ್ತದೆ. ಬಿಸಿನೀರನ್ನು 60 ಡಿಗ್ರಿಯಲ್ಲಿ ಸಂಗ್ರಹಿಸಬೇಕು, ಬಳಕೆಯಿಲ್ಲದ ಕೊಠಡಿಗಳ ನಲ್ಲಿಗಳನ್ನೂ ಆಗಾಗ ಹರಿಯಬಿಡಬೇಕು ಎಂದು ತಜ್ಞರು ಹೇಳುವುದು ಈ ಕಾರಣಕ್ಕಾಗಿಯೇ. ತುಕ್ಕು ಮತ್ತು ಲೋಳೆ ಕಟ್ಟಿದ ಹಳೆಯ ಕೊಳವೆಗಳು, ದಿನಗಟ್ಟಲೆ ಖಾಲಿ ಇರುವ ಕೊಠಡಿಗಳು ಎರಡೂ ಇರುವ ಹೋಟೆಲಿನಲ್ಲಿ ಈ ಎಚ್ಚರಿಕೆ ಎರಡು ಪಟ್ಟು ಅಗತ್ಯ.

ಬೆಂಕಿಯ ವಿಷಯ ಇನ್ನೂ ಗಂಭೀರವಾದುದು. 1980ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ಬೆಂಕಿ ಹೊತ್ತಿ 85 ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿ ಇದ್ದದ್ದು ಕೆಳಗೆ. ಸತ್ತವರಲ್ಲಿ ಬಹುಪಾಲು ಜನ ಮೇಲಿನ ಮಹಡಿಗಳಲ್ಲಿ, ಮೆಟ್ಟಿಲು ಮತ್ತು ಲಿಫ್ಟಿನ ದಾರಿಯಲ್ಲಿ ಏರಿದ ಹೊಗೆಯಿಂದ ಉಸಿರುಕಟ್ಟಿ ಸತ್ತರು. ಮೆಟ್ಟಿಲಿನ ಬಾಗಿಲು ಸದಾ ಮುಚ್ಚಿರಬೇಕೆಂಬ ನಿಯಮದ ಅರ್ಥ ಇದೇ. ಒಂದು ಕುರ್ಚಿ ಆ ಇಡೀ ವ್ಯವಸ್ಥೆಯನ್ನು ನಿರರ್ಥಕಗೊಳಿಸಬಲ್ಲದು. ಅಮೆರಿಕದಲ್ಲಿ 1990ರಲ್ಲಿ ಬಂದ ಕಾಯ್ದೆಯೊಂದು, ಪ್ರತಿ ಕೊಠಡಿಯಲ್ಲೂ ಹೊಗೆ ಸೂಚಕ ಸಾಧನ, ಮೂರು ಮಹಡಿಗಿಂತ ಎತ್ತರದ ಕಟ್ಟಡವಾದರೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಕೂಡ ಇರುವ ಹೋಟೆಲುಗಳ ಪಟ್ಟಿ ಮಾಡಿಸಿ, ಕೇಂದ್ರ ಸರ್ಕಾರದ ನೌಕರರು ಕೆಲಸದ ಪ್ರವಾಸದಲ್ಲಿ ಅಂಥಲ್ಲಿಯೇ ತಂಗುವಂತೆ ಉತ್ತೇಜನ ನೀಡಿತು. ಬಾಡಿಗೆ ಕೊಡುವ ದೊಡ್ಡ ಗ್ರಾಹಕ ಷರತ್ತು ಹಾಕಿದರೆ ಹೋಟೆಲು ಬದಲಾಗುತ್ತದೆ ಎಂಬ ಈ ಆಲೋಚನೆಯನ್ನು ಖಾಸಗಿ ಸಂಸ್ಥೆಗಳೂ ಅಳವಡಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ನಿದ್ರೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಲಗಿದಾಗ ಮಿದುಳಿನ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಅದರ ಮೇಲೆ ರಾತ್ರಿಯಿಡೀ ಗಡಗಡ ಎನ್ನುವ ಹಳೆಯ ಎ.ಸಿ. ಯಂತ್ರವೂ ಸೇರಿದರೆ, ಬೆಳಗಿನ ಸಭೆಗೆಂದೇ ಅಷ್ಟು ದೂರ ಕಳಿಸಿದ ಸಂಸ್ಥೆಗೂ ನಷ್ಟವೇ.

ಆದ್ದರಿಂದ ಕೊಠಡಿ ಕಾಯ್ದಿರಿಸುವ ಪುಟದಲ್ಲಿಯೇ, ದರದ ಪಕ್ಕದಲ್ಲಿ, ಕಟ್ಟಡ ನಿರ್ಮಾಣವಾದ ವರ್ಷ, ಪೈಪು ಮತ್ತು ವೈರಿಂಗ್ ಬದಲಿಸಿದ ವರ್ಷ, ಅಗ್ನಿಸುರಕ್ಷೆ ಹಾಗೂ ನೀರಿನ ಕೊನೆಯ ತಪಾಸಣೆಯ ದಿನಾಂಕಗಳನ್ನು ಪ್ರಕಟಿಸುವಂತೆ ಹೋಟೆಲ್ ಕಂಪನಿಗಳು ತಮ್ಮ ಫ್ರಾಂಚೈಸಿಗಳ ಮೇಲೆ ಷರತ್ತು ವಿಧಿಸಬೇಕು. ‘ಇತ್ತೀಚೆಗೆ ನವೀಕರಿಸಲಾಗಿದೆ’ ಎಂಬ ಬರಹ ಸಾಲದು. ಯಾವುದನ್ನು, ಯಾವಾಗ ನವೀಕರಿಸಲಾಯಿತೆಂಬುದು ಇರಬೇಕು. ದರದ ಒಪ್ಪಂದಕ್ಕೆ ಸಹಿ ಹಾಕುವ ಸಂಸ್ಥೆಗಳ ಅಧಿಕಾರಿಗಳು ಈ ವಿವರಗಳನ್ನು ಲಿಖಿತವಾಗಿ ಪಡೆದು, ಪ್ರವಾಸಕ್ಕೆ ಹೊರಡುವ ನೌಕರರ ಕೈಗೆ ಟಿಕೆಟ್ಟಿನೊಂದಿಗೇ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ