8.42 ಅಂದರೆ 8.42ಕ್ಕೇ ಬರುವ ರೈಲು

ಮಾನ್ಯ ಸಂಪಾದಕರೇ,

ನಗರ ಬೆಳೆದಂತೆಲ್ಲ ಇನ್ನೊಂದು ಫ್ಲೈಓವರ್ ಬೇಕು, ಇನ್ನೊಂದು ಲೇನ್ ಬೇಕು ಎನ್ನುವ ಪತ್ರಗಳೇ ಜಾಸ್ತಿ. ಉಪನಗರ ರೈಲಿನ ಮಾತು ಬಂದಾಗ ಮಾತ್ರ ‘ಅಷ್ಟು ದುಡ್ಡು ಸುರಿದರೆ ಎಷ್ಟು ನಿಮಿಷ ಉಳಿಯುತ್ತೆ?’ ಎಂದು ಕೇಳುತ್ತಾರೆ. ದಿನಾ ಊರಾಚೆಯಿಂದ ಕೆಲಸಕ್ಕೆ ಬರುವ ನನಗೆ ಆ ಪ್ರಶ್ನೆಯೇ ಸರಿ ಕಾಣುವುದಿಲ್ಲ.

ನನ್ನ ದಾರಿ 40 ಕಿಲೋಮೀಟರ್. ರಸ್ತೆ ಚೆನ್ನಾಗಿ ಬಿಟ್ಟುಕೊಟ್ಟರೆ ಒಂದು ಗಂಟೆ, ಎಲ್ಲೋ ಒಂದು ಲಾರಿ ಕೆಟ್ಟು ನಿಂತರೆ ಎರಡು. ಯಾವತ್ತು ಒಂದು, ಯಾವತ್ತು ಎರಡು ಎಂದು ಮೊದಲೇ ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ದಿನಾ ಎರಡು ಗಂಟೆ ಇಟ್ಟುಕೊಂಡೇ ಹೊರಡುತ್ತೇನೆ. ಬೇಗ ತಲುಪಿದ ದಿನ ಕಚೇರಿ ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಸುಮ್ನೆ ಕೂತಿರುತ್ತೇನೆ. ಆ ಹೊತ್ತು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಹೋಗುವುದು ಮಾತ್ರ ನನ್ನ ನಿದ್ದೆಯಿಂದ.

ಮುಂಬೈಯಲ್ಲಿ ಜನ ಲೋಕಲ್ ಗಾಡಿಯನ್ನು ಅದರ ಹೊತ್ತು ಹೇಳಿಯೇ ಕರೆಯುತ್ತಾರೆ, 8.42 ಸಿಕ್ಕಿತಾ, 9.05 ತಪ್ಪಿತಾ ಅಂತ. ಅಲ್ಲಿನ ನೂಕುನುಗ್ಗಲು ಭಯಂಕರ, ಅದನ್ನೇನೂ ಹೊಗಳುತ್ತಿಲ್ಲ. ಆದರೆ ನಿಮಿಷವೇ ಗಾಡಿಯ ಹೆಸರಾಗಬೇಕಾದರೆ ಅದರ ಮೇಲೆ ಎಷ್ಟು ನಂಬಿಕೆ ಇರಬೇಕು, ಯೋಚಿಸಿ. ಅಲ್ಲಿ ಕರೆಂಟಿನ ರೈಲು ಶುರುವಾಗಿದ್ದು 1925ರಲ್ಲಿ. ಇಂಥ ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುತ್ತದೆ, ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ಕಡೆ ಜೋಡಿಸುವ ರಗಳೆಯೇ ಇಲ್ಲ. ಮೋಟರುಗಳು ಹಲವು ಬೋಗಿಗಳ ಕೆಳಗೆ ಹಂಚಿಕೊಂಡಿರುವುದರಿಂದ ನಿಂತ ಗಾಡಿ ತಕ್ಷಣ ವೇಗ ಹಿಡಿಯುತ್ತದೆ. ಬಾಗಿಲು ಅಗಲ, ಪ್ಲಾಟ್‌ಫಾರ್ಮ್ ಎತ್ತರ, ಅರ್ಧ ನಿಮಿಷದಲ್ಲಿ ಇಳಿಯುವವರು ಇಳಿದು ಹತ್ತುವವರು ಹತ್ತಿ ಆಗಿರುತ್ತದೆ. ಇದನ್ನು ಬಿಟ್ಟು ಹಳೇ ಪ್ಯಾಸೆಂಜರ್ ಗಾಡಿಗೇ ಹೊಸ ಬಣ್ಣ ಬಳಿದು, ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಸಿಗ್ನಲ್ ಹತ್ತಿರ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಅದನ್ನು ಉಪನಗರ ರೈಲು ಅನ್ನಬೇಕಾ? ಬೇರೆ ಹಳಿ ಹಾಕಲೇಬೇಕು. ದುಡ್ಡು ಹೋಗಬೇಕಾದ್ದು ಅಲ್ಲಿಗೆ.

ಇನ್ನೊಂದು ತಪ್ಪು, ಬರೀ ಆಫೀಸ್ ಹೊತ್ತಿಗೆ ಗಾಡಿ ಬಿಡುವುದು. ಕೆನಡಾದ ಟೊರೊಂಟೊದಲ್ಲಿ ‘ಗೋ’ ಎಂಬ ಉಪನಗರ ರೈಲಿನ ಹಲವು ಮಾರ್ಗಗಳಲ್ಲಿ ಎಷ್ಟೋ ವರ್ಷ ಬೆಳಿಗ್ಗೆ ನಗರದ ಕಡೆಗೆ, ಸಂಜೆ ವಾಪಸ್, ಅಷ್ಟೇ. ಮಗುವಿಗೆ ಜ್ವರ ಎಂದು ಶಾಲೆಯಿಂದ ಮಧ್ಯಾಹ್ನ ಫೋನ್ ಬಂದರೆ ಏನು ಮಾಡುವುದು? ಅಂಥ ಒಂದು ದಿನದ ಭಯಕ್ಕೆ ಜನ ವರ್ಷವಿಡೀ ಕಾರು ತರುತ್ತಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನವರು 1990ರಲ್ಲಿ ಉಪನಗರ ರೈಲು ಶುರು ಮಾಡಿದಾಗ ಹಾಗೆ ಮಾಡಲಿಲ್ಲ. ಅರ್ಧ ಗಂಟೆಗೊಂದು ಗಾಡಿ, ಪ್ರತಿ ಗಂಟೆಯೂ ಅದದೇ ನಿಮಿಷಕ್ಕೆ. ಒಮ್ಮೆ ನೆನಪಿಟ್ಟುಕೊಂಡರೆ ವೇಳಾಪಟ್ಟಿಯನ್ನು ಮತ್ತೆ ನೋಡುವ ಕೆಲಸವಿಲ್ಲ.

‘ಬಸ್ ಇದೆಯಲ್ಲ, ಸಾಲದಾ?’ ಎನ್ನುವವರಿಗೆ ಆಸ್ಟ್ರೇಲಿಯಾದ ಪರ್ತ್ ಕಥೆ ಹೇಳಬೇಕು. 1979ರಲ್ಲಿ ಅಲ್ಲಿನ ಫ್ರೀಮ್ಯಾಂಟಲ್ ಮಾರ್ಗ ಮುಚ್ಚಿ ಬಸ್ ಬಿಟ್ಟರು. ಜನ ಬಿಡಲಿಲ್ಲ, 1983ರಲ್ಲಿ ಮತ್ತೆ ತೆರೆದರು. 2007ರಲ್ಲಿ ಮ್ಯಾಂಡುರಾಗೆ ಸುಮಾರು 70 ಕಿಲೋಮೀಟರಿನ ಹೊಸ ಮಾರ್ಗವನ್ನೂ ಹಾಕಿದರು, ಅದೂ ಸಾಕಷ್ಟು ದೂರ ಹೆದ್ದಾರಿಯ ನಟ್ಟನಡುವೆ. ಕಾರಿನಲ್ಲಿ ಸಿಕ್ಕಿಹಾಕಿಕೊಂಡವನ ಕಣ್ಣೆದುರೇ ರೈಲು ದಾಟಿ ಹೋಗುತ್ತದೆ. ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ?

ಹಾಗಂತ ರೈಲು ಬಂದ ಕೂಡಲೇ ರಸ್ತೆ ಖಾಲಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಖಾಲಿಯಾದ ಜಾಗಕ್ಕೆ ಬೇರೆ ಕಾರು ಬರುತ್ತದೆ. ನಿಲ್ದಾಣದ ಹತ್ತಿರ ಮನೆ ಬಾಡಿಗೆಯೂ ಏರಬಹುದು. ಆದರೂ ಇಷ್ಟು ದಿನ ರಸ್ತೆಯ ಮರ್ಜಿಗೆ ಕಾಯುತ್ತಿದ್ದವನಿಗೆ ಇನ್ನೊಂದು ದಾರಿ ಸಿಗುತ್ತದಲ್ಲ. ದೂರದ ಸಣ್ಣ ಊರಿನಲ್ಲಿ ಇದ್ದುಕೊಂಡೇ ನಗರದ ಕೆಲಸಕ್ಕೆ ಹೋಗಿ ಬರುವುದು ಆಗ ಆಗುವ ಮಾತು.

ನಿಮ್ಮಲ್ಲೊಂದು ವಿನಂತಿ. ಮುಂದಿನ ಸಲ ಉಪನಗರ ರೈಲಿನ ಸುದ್ದಿ ಹಾಕುವಾಗ ಎಷ್ಟು ಕೋಟಿ, ಯಾರು ಶಂಕುಸ್ಥಾಪನೆ ಮಾಡಿದರು ಎಂಬುದರ ಜೊತೆಗೆ ಅಧಿಕಾರಿಗಳನ್ನು ಎರಡು ಮಾತು ಕೇಳಿ: ಮಧ್ಯಾಹ್ನ ಎಷ್ಟು ನಿಮಿಷಕ್ಕೊಂದು ಗಾಡಿ, ರಾತ್ರಿ ಕೊನೆಯದು ಎಷ್ಟು ಹೊತ್ತಿಗೆ?

ಇಂತಿ,
ದಿನಾ ಓಡಾಡುವ ಒಬ್ಬ ಓದುಗ