ಅಮೋನಿಯಂನ ನಾಲ್ಕನೇ ಬಂಧ ಬೇರೆಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಕಳೆದ ವಾರ ಒಂದು ಮಾದರಿ ಪ್ರಶ್ನೆ ಬಂದಿತ್ತು. ಅಮೋನಿಯಂ ಅಯಾನಿನಲ್ಲಿ ಸಹವೇಲೆನ್ಸೀಯ ಬಂಧ ಎಷ್ಟು, ಕೋಆರ್ಡಿನೇಟ್ ಬಂಧ ಎಷ್ಟು? ಉತ್ತರ: ಮೂರು ಮತ್ತು ಒಂದು. ಅಮೋನಿಯಂ ಅಂದರೆ ಅಮೋನಿಯಾಗೆ ಇನ್ನೊಂದು ಹೈಡ್ರೋಜನ್ ಸೇರಿ ಆದ, ಧನಾವೇಶ ಇರುವ ಕಣ (ಅಯಾನು). ಸಹವೇಲೆನ್ಸೀಯ ಬಂಧದಲ್ಲಿ ಎರಡೂ ಪರಮಾಣುಗಳು ಒಂದೊಂದು ಎಲೆಕ್ಟ್ರಾನ್ ಕೊಡುತ್ತವೆ, ಕೋಆರ್ಡಿನೇಟ್ ಬಂಧದಲ್ಲಿ ಎರಡನ್ನೂ ಒಂದೇ ಪರಮಾಣು ಕೊಡುತ್ತದೆ. ನಾನು ರಸಾಯನಶಾಸ್ತ್ರ ಪಾಠ ಮಾಡುವವಳು. ಈ ಉತ್ತರಕ್ಕೆ ಅಂಕ ಸಿಗುತ್ತದೆ, ನಿಜ. ಆದರೆ ನಾಲ್ಕರಲ್ಲಿ ಒಂದು ಬಂಧ ಬೇರೆ ಜಾತಿಯದು ಎಂಬ ತಪ್ಪು ಚಿತ್ರ ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ.

ಎರಡು ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡರೆ ಬಂಧ ಆಗುತ್ತದೆ ಎಂದು ಅಮೆರಿಕದ ರಸಾಯನವಿಜ್ಞಾನಿ ಲೂಯಿಸ್ 1916ರಲ್ಲೇ ಹೇಳಿದ್ದರು. ಅಮೋನಿಯಾದಲ್ಲಿ ನೈಟ್ರೋಜನ್ ಬಳಿ ಯಾರ ಜೊತೆಗೂ ಹಂಚಿಕೊಳ್ಳದ ಒಂದು ಜೋಡಿ ಇದೆ. ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್, ಬರಿಗೈಯಲ್ಲಿ ಬರುತ್ತದೆ, ಆ ಜೋಡಿಯಲ್ಲಿ ಪಾಲು ಪಡೆಯುತ್ತದೆ. ಕೋಆರ್ಡಿನೇಟ್ ಬಂಧಕ್ಕೆ ಗೆರೆಯ ಬದಲು ನಾವು ಬಾಣ ಎಳೆಯುವುದು ಇದನ್ನು ತೋರಿಸಲು. ಬಂಧ ಆದ ಮೇಲೆ ನಾಲ್ಕೂ ಹೈಡ್ರೋಜನ್‌ಗಳು ಒಂದೇ. ಬಂಧದ ಉದ್ದ ಒಂದೇ, ಎಲ್ಲ ಕೋನಗಳೂ 109.5 ಡಿಗ್ರಿ. ಧನಾವೇಶ ಕೂಡ ಹೊಸದಾಗಿ ಬಂದ ಹೈಡ್ರೋಜನ್ ಮೇಲೆ ಮಾತ್ರ ಕೂತಿರುವುದಿಲ್ಲ, ಇಡೀ ಅಯಾನಿಗೆ ಸೇರಿರುತ್ತದೆ. ಸಾಮಾನ್ಯ ಪ್ರೋಟಾನ್ ಬದಲು ಭಾರ ಹೈಡ್ರೋಜನ್ನಿನ ಅಯಾನನ್ನು ಸೇರಿಸಿ ನೋಡಿ. ಮುಂದೆ ಒಂದು ಹೈಡ್ರೋಜನ್ ಹೊರಗೆ ಹೋಗುವಾಗ ಕೊನೆಗೆ ಬಂದದ್ದೇ ಹೋಗಬೇಕೆಂದಿಲ್ಲ, ಮೊದಲಿನಿಂದ ಇದ್ದದ್ದೂ ಹೋಗಬಹುದು.

ಹಾಗಾದರೆ ಬಾಣ ಸುಮ್ನೆ ದಂಡವೇ? ಖಂಡಿತ ಅಲ್ಲ. ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣಕ್ಕೆ ಅಮೋನಿಯಾ ಜಾಸ್ತಿ ಹಾಕಿದರೆ ಗಾಢ ನೀಲಿ ಬಣ್ಣ ಬರುತ್ತದೆ. ನೈಟ್ರೋಜನ್‌ನ ಅದೇ ಜೋಡಿ ಈಗ ತಾಮ್ರದ ಅಯಾನಿನ ಕಡೆ ಚಾಚಿದೆ. ಇಲ್ಲಿ ಬಾಣಕ್ಕೆ ನಿಜವಾದ ಅರ್ಥ ಇದೆ. ಈ ಬಂಧ ಅಷ್ಟು ಬಿಗಿಯಲ್ಲ, ಬಿಟ್ಟರೆ ಜೋಡಿ ಇಡಿಯಾಗಿ ನೈಟ್ರೋಜನ್ ಜೊತೆಗೇ ಹೋಗುತ್ತದೆ. ಆಮ್ಲ ಸುರಿದರೆ ಗಾಢ ಬಣ್ಣ ಮಾಯವಾಗಿ ತಿಳಿ ನೀಲಿ ಮರಳುತ್ತದೆ. ತಾಮ್ರದ ಜೊತೆ ಇದ್ದ ಜೋಡಿಯನ್ನು ಪ್ರೋಟಾನ್ ಕಸಿದುಕೊಂಡಿತು, ಅಮೋನಿಯಂ ಆಯಿತು. ತಾಮ್ರದ ಜೊತೆಗಿನ ಸಡಿಲ ಬಂಧ, ಪ್ರೋಟಾನ್ ಜೊತೆಗಿನ ಬಿಗಿ ಬಂಧ, ಎರಡೂ ಬಗೆ ಒಂದೇ ಪ್ರನಾಳದಲ್ಲಿ ಕಣ್ಣಿಗೆ ಕಾಣುತ್ತವೆ. ಇದನ್ನು ಬಿಟ್ಟು ಮಕ್ಕಳಿಂದ ಬಾಣ ಎಣಿಸುವುದು ಯಾಕೆ?

ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣಕ್ಕೆ ಆಕ್ಸಿಜನ್ ಅಂಟುವುದು, ಬಿಡುವುದು ಕೂಡ ಇಂಥದೇ ಬಂಧದಿಂದ. ಅದೇ ಜಾಗವನ್ನು ಕಾರ್ಬನ್ ಮೊನಾಕ್ಸೈಡ್ ಸುಮಾರು 200 ಪಟ್ಟು ಬಿಗಿಯಾಗಿ ಹಿಡಿಯುತ್ತದೆ, ಅದಕ್ಕೇ ಆ ಅನಿಲ ವಿಷ. ಇದು ಗೊತ್ತಾದರೆ ಮಕ್ಕಳು ತಾವೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ದಯವಿಟ್ಟು ಆ ಪ್ರಶ್ನೆಗೆ ಒಂದು ತಿದ್ದುಪಡಿ ಹಾಕಿ. ಅದರ ಬದಲು ಹೀಗೆ ಕೇಳಬಹುದು, ಅಲ್ವಾ: ಅಮೋನಿಯಾ ಒಂದು ಪ್ರೋಟಾನನ್ನು ಸುಲಭವಾಗಿ ಸೇರಿಸಿಕೊಳ್ಳುತ್ತದೆ, ಅಮೋನಿಯಂ ಯಾಕೆ ಇನ್ನೊಂದನ್ನು ಸೇರಿಸಿಕೊಳ್ಳುವುದಿಲ್ಲ?

ಇಂತಿ,
ಒಬ್ಬ ರಸಾಯನಶಾಸ್ತ್ರ ಅಧ್ಯಾಪಕಿ