ಒಂಬತ್ತು ಪುಟದ ರಿಪೋರ್ಟು, ಓದಿ ಹೇಳುವವರಿಲ್ಲ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ಮಕ್ಕಳ ವೈದ್ಯ. ಹೋದ ಮಳೆಗಾಲದಲ್ಲಿ ಒಬ್ಬ ತಾಯಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿಗೆ ಫಿಟ್ಸ್. ಮೊದಲನೆಯದೂ ಹೀಗೇ ಆಗಿ, ವರ್ಷ ತುಂಬುವ ಮೊದಲೇ ಹೋಗಿತ್ತು. ರೇಷನ್ ಕಾರ್ಡ್ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರಿನಿಂದ ಬೆಂಗಳೂರಿನ ಲ್ಯಾಬೊಂದರ ಜೆನೆಟಿಕ್ ರಿಪೋರ್ಟ್ ತೆಗೆದು ಮೇಜಿನ ಮೇಲಿಟ್ಟಳು. ಕರಾವಿನ ಹಸು ಮಾರಿ ಮಾಡಿಸಿದ ಪರೀಕ್ಷೆ. ಒಂಬತ್ತು ಪುಟ, ಪೂರ್ತಿ ಇಂಗ್ಲಿಷ್. ಅವಳು ಕೇಳಿದ್ದು ಒಂದೇ ಮಾತು: "ಇದು ಯಾರ ಕಡೆಯಿಂದ ಬಂತು ಅಂತ ಬರ್ದಿದಾರಾ ಡಾಕ್ಟ್ರೇ?"

ಅವಳದು ಸೋದರಮಾವನ ಜೊತೆ ಮದುವೆ. ಹಾಗಾಗಿ ಅತ್ತೆಯೆಂದರೆ ಬೇರೆ ಯಾರೂ ಅಲ್ಲ, ತಾಯಿಯನ್ನು ಹೆತ್ತ ಅಜ್ಜಿಯೇ. ಆ ಅಜ್ಜಿಯೇ ಈಗ "ದೋಷ ಇರೋದು ನಿನ್ನ ಹೊಟ್ಟೇಲಿ" ಅನ್ನುತ್ತಾರಂತೆ.

ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು 'ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್' ಎಂದು. ಜೀನಿನಲ್ಲಿ ಬದಲಾವಣೆ ಇದೆ, ಕಾಯಿಲೆಗೆ ಅದೇ ಕಾರಣವೋ ಅಲ್ಲವೋ ಈಗಲೇ ಹೇಳಲಾಗದು ಎಂದರ್ಥ. ಮನೆಯವರು ಅದನ್ನು 'ಪಾಸಿಟಿವ್' ಎಂದುಕೊಂಡಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಎಂಡಿ ಮಾಡಿದ ನನಗೂ ಉಳಿದ ಪುಟಗಳಲ್ಲಿ ಅರ್ಧ ಅರ್ಥವಾಗಲಿಲ್ಲ. ಫೋನ್ ಮಾಡಿದ್ದು ನಮ್ಮೂರ ಹುಡುಗಿಯೊಬ್ಬಳಿಗೆ. ಜೀನೋಮಿಕ್ಸ್‌ನಲ್ಲಿ ಎಂಎಸ್ಸಿ ಮಾಡಿದವಳು. ಬೆಂಗಳೂರಿನ ಕಂಪನಿಯಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಅಮೆರಿಕದ ರೋಗಿಗಳ ರಿಪೋರ್ಟ್ ಬರೆಯುತ್ತಾಳೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಬಿಡಿಸಿಟ್ಟಳು. ಬದಲಾದ ಜೀನಿನ ಒಂದು ಪ್ರತಿ ಅಪ್ಪನಿಂದ, ಇನ್ನೊಂದು ಅಮ್ಮನಿಂದ. ಇಬ್ಬರಿಗೂ ಅದು ಇಳಿದು ಬಂದಿರುವುದು ಬಹುಶಃ ಆ ಅಜ್ಜಿಯಿಂದ, ಇಲ್ಲವೇ ತೀರಿಹೋದ ಅಜ್ಜನಿಂದ. ಕಾಯಿಲೆಗೆ ಅದೇ ಕಾರಣವಾಗಿದ್ದರೆ ಮುಂದೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆದರೆ ಖಚಿತವಾಗದೆ ಗರ್ಭದ ಬಗ್ಗೆ ಯಾವ ನಿರ್ಧಾರಕ್ಕೂ ಹೋಗಬಾರದು. ಕೊನೆಗೆ, "ಸರ್, ಅಜ್ಜಿಯಿಂದ ಬಂದಿರಬಹುದು ಅನ್ನೋದನ್ನ ಅಜ್ಜಿ ಎದುರಿಗೇ ಹಾಗೆ ಹೇಳ್ಬಿಡ್ಬೇಡಿ" ಎಂದಳು.

ಇದನ್ನು ಯಾರಿಗೆ, ಯಾವಾಗ, ಹೇಗೆ ಹೇಳಬೇಕು ಎಂದು ಕಲಿಸುವ ಓದೇ ಇದೆ ಸ್ವಾಮಿ. ಜೆನೆಟಿಕ್ ಕೌನ್ಸೆಲಿಂಗ್ ಅನ್ನುತ್ತಾರೆ.

'ಖಚಿತವಿಲ್ಲ' ಎಂಬ ಉತ್ತರ ನಮ್ಮ ಜನರ ರಿಪೋರ್ಟುಗಳಲ್ಲಿ ಇಷ್ಟು ಸಲ ಬರಲು ಒಂದು ಕಾರಣ, ತಾಳೆ ನೋಡಲು ಜಗತ್ತಿನಲ್ಲಿರುವ ಮಾಹಿತಿಯ ಬಹುಪಾಲು ಯುರೋಪ್ ಮೂಲದವರದ್ದು. ಆ ಕೊರತೆ ತುಂಬಲೆಂದೇ 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆ ಶುರುವಾಯಿತು. ಮುಂದಾಳತ್ವ ನಮ್ಮ ಬೆಂಗಳೂರಿನದೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ್ದು. 10,000 ಭಾರತೀಯರ ಜೀನೋಮ್, ಅಂದರೆ ಇಡೀ ವಂಶವಾಹಿಯ ಮಾಹಿತಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿದೆ. ಹೆಮ್ಮೆಯ ವಿಷಯವೇ. ಆದರೆ ಅದು ನನ್ನ ಒಪಿಡಿಗೆ ಬಂದು ಮುಟ್ಟುವುದು ಯಾರ ಮೂಲಕ?

ಸಾಗರ ತಾಲ್ಲೂಕಿನ ಹಂದಿಗೋಡು ತಮಗೆ ಗೊತ್ತಿರಬಹುದು. 1970ರ ದಶಕದಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿದುಕೊಂಡು ಜನ ಬಾಗಿ ನಡೆಯತೊಡಗಿದಾಗ, ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಗುಮಾನಿ ಇತ್ತು. ತಂಡಗಳು ಬಂದವು, ಎಕ್ಸ್‌ರೇ ತೆಗೆದವು, ರಕ್ತ ಒಯ್ದವು. ವಂಶದಲ್ಲಿ ಇಳಿದು ಬರುವ ಕಾಯಿಲೆ, ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ಅರ್ಧದಷ್ಟು ಎಂದು ಆಮೇಲೆ ಗೊತ್ತಾಯಿತು. ಅಂಥ ಮನೆಯ ಹುಡುಗನೊಬ್ಬ ಮದುವೆಗೆ ಮುಂಚೆ ಬಂದು ನನ್ನನ್ನು ಕೇಳಿದರೆ ಕೂರಿಸಿಕೊಂಡು ಒಂದು ಗಂಟೆ ಮಾತಾಡಲು ನನಗೆ ಪುರಸೊತ್ತೂ ಇಲ್ಲ, ತರಬೇತಿಯೂ ಇಲ್ಲ.

ಒಬ್ಬೊಬ್ಬರ ಜೀನು ನೋಡಿ ಚಿಕಿತ್ಸೆ ಕೊಡುವ ಪ್ರಿಸಿಷನ್ ಮೆಡಿಸಿನ್ ಅಂದರೆ ಟಿವಿಯಲ್ಲಿ ಬರುವ 16 ಕೋಟಿಯ ಇಂಜೆಕ್ಷನ್ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ವೈದ್ಯರು ಆರ್ಯವೈಶ್ಯ ಕುಟುಂಬದವರನ್ನು "ನಿಮ್ಮ ಮನೇಲಿ ಯಾರಿಗಾದ್ರೂ ಆಪರೇಷನ್ ಆದ್ಮೇಲೆ ಉಸಿರು ಬರೋದು ತಡ ಆಗಿತ್ತಾ?" ಎಂದು ಕೇಳುವುದೂ ಅದೇ. ಆಪರೇಷನ್ನಿಗೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಮೆಥೋನಿಯಂ ಎಂಬ ಔಷಧಿಯ ಪರಿಣಾಮ ಉಳಿದವರಲ್ಲಿ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ಅದನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಗಂಟೆಗಟ್ಟಲೆ ಉಳಿದು, ವೆಂಟಿಲೇಟರ್ ಬೇಕಾಗುತ್ತದೆ. ಈ ಕೊರತೆ ಆ ಸಮುದಾಯದಲ್ಲಿ ಹೆಚ್ಚು. ಪ್ರಶ್ನೆಗೆ ಖರ್ಚೇನಿಲ್ಲ, ಕೇಳಬೇಕೆಂದು ಗೊತ್ತಿರಬೇಕು ಅಷ್ಟೇ.

ಡಿಎಂ ಮೆಡಿಕಲ್ ಜೆನೆಟಿಕ್ಸ್ ಎಂಬ ಕೋರ್ಸು ಎಂಡಿ ಮುಗಿಸಿದ ಮೇಲೆ ಮತ್ತೆ ಮೂರು ವರ್ಷ. ಬೆಂಗಳೂರಿನಾಚೆಯ ಒಂದಾದರೂ ಸರ್ಕಾರಿ ಕಾಲೇಜಿನಲ್ಲಿ ಅದಕ್ಕೆ ಎರಡು ಸೀಟು ತನ್ನಿ. ಅದಕ್ಕಿಂತ ಬೇಗ ಆಗುವ ಕೆಲಸ ಇನ್ನೊಂದಿದೆ: ಸರ್ಕಾರಿ ಕಾಲೇಜುಗಳಲ್ಲೇ, ವಾರ್ಡಿನ ಜೊತೆ ಹೊಂದಿಕೊಂಡು, ಜೆನೆಟಿಕ್ ಕೌನ್ಸೆಲಿಂಗ್ ಎಂಎಸ್ಸಿ. ಪಾಠ ಇಂಗ್ಲಿಷಿನಲ್ಲೇ ಇರಲಿ, ಆದರೆ ರೋಗಿಯ ಮನೆಯವರಿಗೆ ಕನ್ನಡದಲ್ಲಿ ವಿವರಿಸಿ ತೋರಿಸದೆ ಯಾರೂ ಪಾಸಾಗಬಾರದು.

ಓದಿಸಿದರೆ ಸಾಲದು, ಹುದ್ದೆಯೂ ಬೇಕು. ನಮ್ಮ ಜಿಲ್ಲಾಸ್ಪತ್ರೆಯ ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಈ ಹೆಸರಿನ ಸಾಲೇ ಇಲ್ಲ. ಎಚ್‌ಐವಿ ಬಂದಾಗ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳನ್ನು ತೆರೆದು ಆಪ್ತ ಸಮಾಲೋಚಕರನ್ನು ತಾಲ್ಲೂಕು ಆಸ್ಪತ್ರೆಯವರೆಗೂ ತಂದು ಕೂರಿಸಿದ ಸರ್ಕಾರಿ ವ್ಯವಸ್ಥೆ ಇದು. ಮಕ್ಕಳ ತೊಂದರೆಗಳನ್ನು ಬೇಗ ಪತ್ತೆಹಚ್ಚಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರವಾದ ಡಿಇಐಸಿಯಲ್ಲಿ ಒಂದು ಕುರ್ಚಿ ಹಾಕಿದರೂ ಸಾಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡದವರು ಶಾಲೆ, ಅಂಗನವಾಡಿಗಳಿಂದ ಗುರುತಿಸಿ ಕಳಿಸುವ ಮಕ್ಕಳು ಹೇಗೂ ಅಲ್ಲಿಗೇ ಬರುತ್ತಾರೆ.

ಆ ಹುಡುಗಿಯನ್ನು ಕೇಳಿದೆ, ಊರಿಗೆ ಬರ್ತೀಯೇನಮ್ಮ ಅಂತ. "ನಾಳೆನೇ ಬರ್ತೀನಿ ಸರ್, ಅರ್ಜಿ ಎಲ್ಲಿಗೆ ಹಾಕ್ಲಿ?" ಎಂದಳು.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಸರ್ಕಾರಿ ವೈದ್ಯ